ಮಿಯಾಟಾಗೆ ವಿಂಟರ್ ಟೈರು: ಮಿಶಿಗನ್ನಿನಲ್ಲಿ ನಾಲ್ಕು ಚಳಿಗಾಲ

ಪ್ರತಿ ವರ್ಷ ನವೆಂಬರ್ ಎರಡನೇ ವಾರ ನಾನು ಬೇಸ್‌ಮೆಂಟಿನಿಂದ ನಾಲ್ಕು ಟೈರು ಒಂದೊಂದಾಗಿ ಮೇಲೆ ತರುತ್ತೇನೆ. ರಿಮ್ ಸಮೇತ ಒಂದೊಂದೂ ಹದಿನೈದು ಕೆ.ಜಿ. ಆಸುಪಾಸು. ಗ್ಯಾರೇಜಿನಲ್ಲಿ ಕಾಯುತ್ತಿರುವುದು ಮಜ್ದಾ ಮಿಯಾಟಾ ಕಾರು. 2021ರ ಕ್ಲಬ್ ಮಾಡೆಲ್, ಆರು ಗೇರಿನ ಮ್ಯಾನುಯಲ್, ಬಟ್ಟೆ ಟಾಪು, ಎರಡೇ ಸೀಟು, ರಿಯರ್ ವೀಲ್ ಡ್ರೈವ್. ಊರು ಫಾರ್ಮಿಂಗ್ಟನ್ ಹಿಲ್ಸ್, ಡೆಟ್ರಾಯ್ಟ್ ಪಕ್ಕ.

ಇಲ್ಲಿನ ಪಂಪ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೋದಾಗೆಲ್ಲ ಯಾರಾದರೂ ಒಬ್ಬರು ಕೇಳುತ್ತಾರೆ, "ಚಳಿಗಾಲಕ್ಕೆ ಬೇರೆ ಗಾಡಿ ಇದೆ ಅಲ್ವಾ?" ಇಲ್ಲ. ನನಗಿರುವುದು ಇದೊಂದೇ ಕಾರು. ನಾಲ್ಕು ಚಳಿಗಾಲ ಇದರಲ್ಲೇ ಆಫೀಸಿಗೆ ಹೋಗಿ ಬಂದಿದ್ದೇನೆ. ಅದು ಸಾಧ್ಯ ಆಗಿದ್ದು ಈ ನಾಲ್ಕು ಟೈರಿನಿಂದ. ಮಿಶೆಲಿನ್ ಎಕ್ಸ್-ಐಸ್ ಸ್ನೋ, 195/50 ಆರ್16. ಹಾಗಾಗಿ ಕಾರಿಗಿಂತ ಟೈರಿನ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಟೈರು ಇಷ್ಟು ಮುಖ್ಯ ಎಂದು ಮೊದಲ ವರ್ಷ ನನಗೂ ಗೊತ್ತಿರಲಿಲ್ಲ. ಕಾರು ತೆಗೆದುಕೊಂಡದ್ದು ಆಗಸ್ಟ್‌ನಲ್ಲಿ, ಜೊತೆಗೆ ಬಂದಿದ್ದು ಬೇಸಿಗೆ ಟೈರು. ನವೆಂಬರ್ ಮೊದಲ ವಾರ, ಬೆಳಿಗ್ಗೆ ಏಳು ಗಂಟೆ, ಹೊರಗೆ ಒಂದು ಡಿಗ್ರಿ. ಸ್ನೋ ಇಲ್ಲ, ಮಳೆ ಇಲ್ಲ, ರಸ್ತೆ ಪೂರ್ತಿ ಒಣಗಿತ್ತು. ಆರ್ಚರ್ಡ್ ಲೇಕ್ ರೋಡಿನ ರೌಂಡಬೌಟಿನಲ್ಲಿ ಎರಡನೇ ಗೇರಿನಲ್ಲಿ ಸ್ವಲ್ಪ ಆಕ್ಸಿಲರೇಟರ್ ಒತ್ತಿದೆ. ಕಾರಿನ ಹಿಂಭಾಗ ಸರ್ರನೆ ಪಕ್ಕಕ್ಕೆ ಸರಿಯಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿನುಗಿತು, ಸ್ಟೆಬಿಲಿಟಿ ಕಂಟ್ರೋಲ್ ಹಿಡಿದು ನಿಲ್ಲಿಸಿತು. ಅಷ್ಟು ಹೊತ್ತಿಗೆ ನನ್ನ ಕೈ ತಣ್ಣಗಾಗಿತ್ತು.

ಬೇಸಿಗೆ ಟೈರಿನ ರಬ್ಬರು ಸುಮಾರು ಏಳು ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಕಲ್ಲಿಗೂ ಡಾಂಬರಿಗೂ ಅಂಟಿಕೊಳ್ಳುವ ಗುಣ ಹೋಗಿಬಿಡುತ್ತದೆ. ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು ಆಷಾಢದಲ್ಲಿ ಪಾಚಿ ಕಟ್ಟಿದ ಅಂಗಳ ದಾಟಿದ ಹಾಗೆ. ವಿಂಟರ್ ಟೈರಿನ ರಬ್ಬರು ಕೊರೆಯುವ ಚಳಿಯಲ್ಲೂ ಮೆತ್ತಗೇ ಇರುತ್ತದೆ. ಅದರ ಮೈಮೇಲೆ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸಣ್ಣ ಸೀಳುಗಳಿರುತ್ತವೆ. ಬೆರಳಿನಿಂದ ಒತ್ತಿದರೆ ಸೀಳು ಬಾಯಿ ತೆರೆಯುವುದು ಕಾಣುತ್ತದೆ. ಆ ನೂರಾರು ಅಂಚುಗಳೇ ಐಸನ್ನು ಕಚ್ಚುವುದು. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ನೋಡಿ ಕೊಳ್ಳಿ. ಬರೀ "ಎಂ+ಎಸ್" (ಮಡ್ ಅಂಡ್ ಸ್ನೋ) ಎಂದು ಬರೆದಿದ್ದರೆ ಸಾಲದು.

ಟೈರು ಕೇಳಲು ಹೋದ ಮೊದಲ ಅಂಗಡಿಯಲ್ಲಿ, "ರಿಯರ್ ವೀಲ್ ಡ್ರೈವ್ ತಾನೇ, ಹಿಂದೆ ಎರಡು ಹಾಕಿಸಿ ಸಾಕು, ದುಡ್ಡು ಉಳಿಯುತ್ತೆ" ಅಂದರು. ದಯವಿಟ್ಟು ಈ ಮಾತು ಕೇಳಬೇಡಿ. ಕಾರನ್ನು ತಿರುಗಿಸುವುದು ಮುಂದಿನ ಚಕ್ರ. ಬ್ರೇಕ್ ಹಾಕಿದಾಗ ಭಾರವೆಲ್ಲ ಬೀಳುವುದೂ ಮುಂದಿನ ಚಕ್ರದ ಮೇಲೇ. ಹಿಂದೆ ಮಾತ್ರ ಒಳ್ಳೆ ಟೈರಿದ್ದರೆ ಕಾರು ಚೆನ್ನಾಗಿ ಹೊರಡುತ್ತದೆ, ತಿರುವಿನಲ್ಲಿ ನೆಟ್ಟಗೆ ಹೋಗಿ ಚರಂಡಿಗಿಳಿಯುತ್ತದೆ. ಹಾಕಿಸಿದರೆ ನಾಲ್ಕೂ ಹಾಕಿಸಿ. ನಾನು ಬೇರೆ ಅಂಗಡಿಗೆ ಹೋದೆ.

ಕ್ಲಬ್ ಮಾಡೆಲ್‌ಗೆ ಬರುವುದು 17 ಇಂಚಿನ ರಿಮ್. ಚಳಿಗಾಲಕ್ಕೆ 16 ಇಂಚಿನದು ತೆಗೆದುಕೊಂಡೆ. ಟೈರು ಸ್ವಲ್ಪ ಕಿರಿದಾಗುತ್ತದೆ, ಸ್ನೋ ಸೀಳಿಕೊಂಡು ಹೋಗಲು ಅದೇ ಒಳ್ಳೆಯದು. ಬದಿಯ ರಬ್ಬರು ಎತ್ತರವಾಗುತ್ತದೆ, ಮಾರ್ಚ್ ತಿಂಗಳ ಗುಂಡಿಗಳಿಗೆ ರಿಮ್ ಬಡಿಯುವುದಿಲ್ಲ. ನಿಮ್ಮದು ಬ್ರೆಂಬೊ ಕಂಪನಿಯ ದೊಡ್ಡ ಬ್ರೇಕ್ ಇರುವ ಕಾರಾದರೆ 16 ಇಂಚಿನ ಬಹುತೇಕ ರಿಮ್ಮುಗಳು ಕೂರುವುದಿಲ್ಲ, ಮೊದಲೇ ವಿಚಾರಿಸಿ. ಟೈರು, ರಿಮ್ಮು, ಕೂಲಿ ಎಲ್ಲ ಸೇರಿ ನನಗೆ ಸುಮಾರು 1,300 ಡಾಲರ್ ಆಯಿತು. ಕಡಿಮೆಯೇನಲ್ಲ. ಆದರೆ ಆ ಐದು ತಿಂಗಳು ಬೇಸಿಗೆ ಟೈರು ಸವೆಯುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಮ್ಮೂರು ಸಕಲೇಶಪುರದ ಕಡೆ. ಅಪ್ಪನ ಹಳೇ ಜೀಪು ನೆನಪಿದೆ. ಅದಕ್ಕೂ ಹಿಂದಿನ ಚಕ್ರಕ್ಕೆ ಮಾತ್ರ ಪವರ್. ಮಳೆಗಾಲದಲ್ಲಿ ಕಾಫಿ ತೋಟದ ಏರಿನಲ್ಲಿ ಕೆಸರು ಮೊಣಕಾಲವರೆಗೆ. ಅಪ್ಪ ಹಿಂದಿನ ಚಕ್ರಕ್ಕೆ ಚೈನ್ ಕಟ್ಟುತ್ತಿದ್ದರು. ಆದರೂ ಚಕ್ರ ತಿರುಗಿ ನಿಂತಲ್ಲೇ ಕೆಸರು ಎರಚಿದರೆ, "ಎಲ್ಲಾ ಹಿಂದಕ್ಕೆ ಹತ್ಕೊಳ್ರೋ" ಎಂದು ಕೂಗುತ್ತಿದ್ದರು. ನಾವು ಮಕ್ಕಳು, ತೋಟದ ಆಳುಗಳು ಎಲ್ಲ ಹಿಂಭಾಗಕ್ಕೆ ಹತ್ತಿ ನಿಂತರೆ ಜೀಪು ಮೆಲ್ಲಗೆ ಹಿಡಿತ ಕಂಡುಕೊಂಡು ಮೇಲೇರುತ್ತಿತ್ತು. ಹಾಗಾಗಿ ಮಿಯಾಟಾ ಕೊಂಡೆ ಎಂದು ಫೋನಿನಲ್ಲಿ ಹೇಳಿದಾಗ ಅಪ್ಪ ಮೊದಲು ಹೇಳಿದ್ದೇ, "ಮಗಾ, ಡಿಕ್ಕಿಗೆ ಎರಡು ಮೂಟೆ ಮರಳು ಹಾಕ್ಕೊ."

ಹಾಕಿ ನೋಡಿದೆ. ಜೀಪಿಗೆ ಸರಿಹೋಗಿದ್ದು ಈ ಕಾರಿಗೆ ಸರಿಹೋಗಲಿಲ್ಲ. ಸುಮಾರು 1,060 ಕೆ.ಜಿ. ತೂಕದ ಕಾರಿದು, ಆ ತೂಕ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗಿದೆ. ಹೊರಡುವಾಗ ಭಾರ ತಾನಾಗಿ ಹಿಂದಕ್ಕೆ ವಾಲಿ ಹಿಂದಿನ ಚಕ್ರವನ್ನು ಒತ್ತುತ್ತದೆ. ಡಿಕ್ಕಿಯಲ್ಲಿ ಮೂಟೆ ಇಟ್ಟರೆ ತಿರುವಿನಲ್ಲಿ ಬಾಲದ ತೂಕ ಜಾಸ್ತಿಯಾಗಿ, ಜಾರಲು ಶುರುವಾದರೆ ಹಿಡಿಯುವುದು ಕಷ್ಟವಾಗುತ್ತದೆ. ಮೂಟೆ ತೆಗೆದೆ. ಒಂದು ಸಣ್ಣ ಚೀಲ ಮರಳು ಮಾತ್ರ ಉಳಿಸಿಕೊಂಡೆ, ಚಕ್ರದ ಕೆಳಗೆ ಎರಚಲು.

ಟೈರು ಹಾಕಿಸಿದ ಮೇಲೆ ಮೊದಲ ಸ್ನೋ ಬಿದ್ದ ಭಾನುವಾರ ಬೆಳಿಗ್ಗೆ ಆಫೀಸಿನ ಖಾಲಿ ಪಾರ್ಕಿಂಗಿಗೆ ಹೋದೆ, ಸೆಕ್ಯೂರಿಟಿಯವರ ಒಪ್ಪಿಗೆ ಕೇಳಿ. ಗೆಳತಿ ತನ್ನ ಆಲ್ ವೀಲ್ ಡ್ರೈವ್ ಎಸ್‌ಯುವಿ ತಂದಿದ್ದಳು. ಅದರಲ್ಲಿ ಇದ್ದದ್ದು ಆಲ್ ಸೀಸನ್ ಟೈರು. ಇಬ್ಬರೂ ಗಂಟೆಗೆ 20 ಮೈಲಿ ವೇಗದಿಂದ ಒಂದೇ ಕಂಬದ ಪಕ್ಕ ಬ್ರೇಕ್ ಒತ್ತಿದೆವು. ಹೊರಡುವುದರಲ್ಲಿ ಅವಳದು ಮುಂದು, ಅನುಮಾನವೇ ಇಲ್ಲ. ನಿಲ್ಲುವುದರಲ್ಲಿ ನನ್ನ ಕಾರು ಎರಡು ಪಾರ್ಕಿಂಗ್ ಜಾಗದಷ್ಟು ಮೊದಲೇ ನಿಂತಿತು. ಮೂರು ಸಲ ಮಾಡಿದೆವು, ಮೂರು ಸಲವೂ ಹಾಗೇ. ನಾಲ್ಕು ಚಕ್ರಕ್ಕೆ ಪವರ್ ಇದ್ದರೆ ಹೋಗಲು ಸಹಾಯ, ನಿಲ್ಲಲು ಅಲ್ಲ. ಬ್ರೇಕು ಎಲ್ಲ ಕಾರಿಗೂ ನಾಲ್ಕೇ ಚಕ್ರಕ್ಕೆ ಇರುವುದು.

ಅವಳು ಹೋದ ಮೇಲೆ ಒಂದು ಗಂಟೆ ಬೇಕಂತಲೇ ಕಾರು ಜಾರಿಸಿ ಕಲಿತೆ. ಹಿಂಭಾಗ ಬಲಕ್ಕೆ ಸರಿದರೆ ಸ್ಟೀರಿಂಗೂ ಬಲಕ್ಕೆ. ಆಕ್ಸಿಲರೇಟರಿನಿಂದ ಕಾಲು ಮೆಲ್ಲಗೆ ತೆಗೆಯಬೇಕು, ಥಟ್ಟನೆ ಅಲ್ಲ. ಕಣ್ಣು ಹೋಗಬೇಕಾದ ಕಡೆ ಇರಬೇಕು. ಕಂಬ ನೋಡಿದರೆ ಕೈ ಕಂಬದ ಕಡೆಗೇ ತಿರುಗುತ್ತದೆ. ಕಾರು ಮತ್ತೆ ನೆಟ್ಟಗಾಗುವ ಕ್ಷಣದಲ್ಲೇ ಸ್ಟೀರಿಂಗ್ ವಾಪಸ್ ತರಬೇಕು, ತಡವಾದರೆ ಬಾಲ ಇನ್ನೊಂದು ಕಡೆಗೆ ಬೀಸುತ್ತದೆ. ಮಿಯಾಟಾದಲ್ಲಿ ಇದನ್ನು ಕಲಿಯುವುದು ಸುಲಭ. ನಾವು ಕೂರುವುದು ಹೆಚ್ಚುಕಡಿಮೆ ಹಿಂದಿನ ಚಕ್ರದ ಮುಂದೆಯೇ. ಜಾರು ಶುರುವಾಗುವುದು ಕಣ್ಣಿಗಿಂತ ಮೊದಲು ಸೊಂಟಕ್ಕೆ ಗೊತ್ತಾಗುತ್ತದೆ.

ಮ್ಯಾನುಯಲ್ ಓಡಿಸುವವರಿಗೆ ಮುಖ್ಯವಾದದ್ದೊಂದು. ಐಸ್ ಮೇಲೆ ಗೇರ್ ಇಳಿಸಿ ಕ್ಲಚ್ ಒಮ್ಮೆಲೇ ಬಿಡಬೇಡಿ. ಎಂಜಿನ್ ಹಿಂದಿನ ಚಕ್ರಗಳನ್ನು ಮಾತ್ರ ತಡೆಯುತ್ತದೆ. ಅದು ಹ್ಯಾಂಡ್‌ಬ್ರೇಕ್ ಎಳೆದ ಹಾಗೆ ಆಗುತ್ತದೆ. ನಾನು ಸ್ನೋ ಇರುವ ದಿನ ಎರಡನೇ ಗೇರಿನಲ್ಲೇ ಹೊರಡುತ್ತೇನೆ, ನಿಲ್ಲಿಸುವಾಗ ಕ್ಲಚ್ ಒತ್ತಿ ಬ್ರೇಕಿಗೆ ಕೆಲಸ ಬಿಡುತ್ತೇನೆ. ಇದರಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುವುದರಿಂದ ಒಂದು ಹಿಂಚಕ್ರ ಐಸ್ ಮೇಲಿದ್ದರೂ ಇನ್ನೊಂದು ತಳ್ಳುತ್ತದೆ. ಆದರೆ ಎರಡೂ ಒಟ್ಟಿಗೆ ಹಿಡಿತ ಬಿಟ್ಟರೆ ಬಾಲ ಪಕ್ಕಕ್ಕೆ ಹೋಗುತ್ತದೆ. ಕಾಲು ಹಗುರವಾಗಿರಲಿ.

ಈ ಕಾರು ಸೋಲುವುದು ಜಾರುವುದರಲ್ಲಿ ಅಲ್ಲ, ಎತ್ತರದಲ್ಲಿ. ನೆಲಕ್ಕೂ ಹೊಟ್ಟೆಗೂ ನಡುವೆ ಇರುವುದು ಐದು ಇಂಚು ಚಿಲ್ಲರೆ. ನಾಲ್ಕು ಇಂಚು ಸ್ನೋದಲ್ಲಿ ಆರಾಮಾಗಿ ಹೋಗುತ್ತದೆ. ಎರಡನೇ ಚಳಿಗಾಲದಲ್ಲಿ ಒಂದು ರಾತ್ರಿ ಎಂಟು ಇಂಚು ಬಿತ್ತು. ನಮ್ಮ ಬೀದಿಗೆ ಸ್ನೋ ತಳ್ಳುವ ಪ್ಲೌ ಗಾಡಿ ಬಂದಿರಲಿಲ್ಲ. ಹೊರಡಬಾರದಿತ್ತು, ಹೊರಟೆ. ಮೂರನೇ ಮನೆ ದಾಟುವಷ್ಟರಲ್ಲಿ ಕಾರಿನ ಹೊಟ್ಟೆ ಸ್ನೋ ಮೇಲೆ ಕೂತುಬಿಟ್ಟಿತು. ಚಕ್ರಕ್ಕೆ ನೆಲ ಸಿಗದಿದ್ದರೆ ಎಂಥ ಟೈರಿದ್ದರೂ ಏನು ಮಾಡೀತು? ಸಲಿಕೆಯಿಂದ ಕೆಳಗಿನ ಸ್ನೋ ಕೆರೆದು ತೆಗೆದೆ. ಸ್ಟೆಬಿಲಿಟಿ ಕಂಟ್ರೋಲ್ ನಿಲ್ಲಿಸುವ ಡಿಎಸ್‌ಸಿ ಆಫ್ ಬಟನ್ ಒತ್ತಿದೆ, ಇಲ್ಲದಿದ್ದರೆ ಚಕ್ರ ತಿರುಗುವುದನ್ನೇ ಅದು ತಡೆಯುತ್ತದೆ. ಡಿಕ್ಕಿಯಲ್ಲಿ ಒಂದು ಗೋಣಿಚೀಲ ಇತ್ತು, ಊರಿನಿಂದ ಕಾಫಿಪುಡಿ ಡಬ್ಬಗಳಿಗೆ ಸುತ್ತಿ ತಂದಿದ್ದು. ಅದನ್ನು ಎರಡು ತುಂಡು ಮಾಡಿ ಹಿಂದಿನ ಚಕ್ರಗಳ ಕೆಳಗೆ ತೂರಿಸಿದೆ, ಮೇಲೆ ಒಂದು ಹಿಡಿ ಮರಳು. ಎದುರು ಮನೆಯ ಅಜ್ಜ ಬಂದು ಬಾನೆಟ್ಟಿಗೆ ಕೈ ಕೊಟ್ಟರು. ರಿವರ್ಸ್ ಹಾಕಿ ಕ್ಲಚ್ ಮೆಲ್ಲಗೆ ಬಿಟ್ಟೆ. ಗೋಣಿಯ ನಾರು ಟೈರಿಗೆ ಸಿಕ್ಕಿ ಕರ್ರ್ ಅಂದಿತು, ಕಾರು ಹಿಂದಕ್ಕೆ ಬಂತು. ಆವತ್ತಿನಿಂದ ಆರು ಇಂಚಿಗಿಂತ ಜಾಸ್ತಿ ಬಿದ್ದ ದಿನ ನಾನು ಮನೆಯಿಂದಲೇ ಕೆಲಸ. ಅಂಥ ದಿನ ವರ್ಷಕ್ಕೆ ಬೆರಳೆಣಿಕೆಯಷ್ಟೇ. ಆಸ್ಪತ್ರೆ ಕೆಲಸದವರು, ಏನೇ ಆದರೂ ಹೊರಡಲೇಬೇಕಾದವರು ಇದೊಂದೇ ಕಾರು ನಂಬಿಕೊಳ್ಳಬೇಡಿ.

ಉಪ್ಪಿನ ವಿಷಯ ಹೇಳಲೇಬೇಕು. ಡೆಟ್ರಾಯ್ಟ್ ಊರಿನ ಕೆಳಗೇ ಮುನ್ನೂರು ಮೀಟರಿಗೂ ಆಳದಲ್ಲಿ ಉಪ್ಪಿನ ಗಣಿ ಇದೆ. ಇಲ್ಲಿ ರಸ್ತೆಗೆ ಉಪ್ಪು ಸುರಿಯುವುದರಲ್ಲಿ ಜಿಪುಣತನ ಇಲ್ಲ. ಆ ಉಪ್ಪು ಕಾರಿನ ತಳ ತಿನ್ನುತ್ತದೆ. ಎರಡು ವಾರಕ್ಕೊಮ್ಮೆ ತಳ ತೊಳೆಸುತ್ತೇನೆ, ಅಕ್ಟೋಬರಿನಲ್ಲಿ ತುಕ್ಕು ತಡೆಯುವ ಎಣ್ಣೆ ಹೊಡೆಸುತ್ತೇನೆ. ಇನ್ನೊಂದು, ಮೈನಸ್ ಒಂಬತ್ತು ಡಿಗ್ರಿ ಕೆಳಗೆ ಈ ಉಪ್ಪು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಉಪ್ಪು ಹಾಕಿದ್ದಾರಲ್ಲ ಎಂದು ಧೈರ್ಯ ಮಾಡಬೇಡಿ, ಸೇತುವೆ ಮೇಲಂತೂ ಬೇಡವೇ ಬೇಡ.

ಬಟ್ಟೆ ಟಾಪಿನ ಮೇಲಿನ ಸ್ನೋ ತೆಗೆಯಲು ಸ್ಪಂಜಿನ ಬ್ರಷ್ ಇಟ್ಟುಕೊಳ್ಳಿ, ಪ್ಲಾಸ್ಟಿಕ್ ಸ್ಕ್ರೇಪರ್ ಗಾಜಿಗೆ ಮಾತ್ರ. ಒಳಗಿನ ಜಾಗ ಚಿಕ್ಕದಾದ್ದರಿಂದ ಹೀಟರಿಗೆ ಬೇಗ ಬೆಚ್ಚಗಾಗುತ್ತದೆ. ಟೈರಿನ ಗಾಳಿ ಮಾತ್ರ ಆಗಾಗ ನೋಡಿ. ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ಒಂದು ಪಿಎಸ್‌ಐ ಕಡಿಮೆಯಾಗುತ್ತದೆ. ಈ ಕಾರಿಗೆ ಹೇಳಿರುವುದು 29.

ಟೈರಿನ ಬಗ್ಗೆ ನನಗೆ ಬೇಸರವಿರುವುದು ಒಂದೇ. ಹತ್ತು ಹನ್ನೆರಡು ಡಿಗ್ರಿಯ ಬಿಸಿಲಿನ ದಿನ ಸ್ಟೀರಿಂಗ್ ಮೆತ್ತಗಾಗುತ್ತದೆ, ಮಿಯಾಟಾದ ಆ ಚುರುಕು ಇರುವುದಿಲ್ಲ. ಅದು ವಿಂಟರ್ ಟೈರಿನ ಗುಣ, ಮೆತ್ತನೆ ರಬ್ಬರು ಬೇಕೆಂದರೆ ಇದನ್ನೂ ಒಪ್ಪಬೇಕು. ಐಸ್ ಮೇಲಿನ ಹಿಡಿತಕ್ಕೆ ಹೋಲಿಸಿದರೆ ನನಗೆ ಇದೊಂದು ಲೆಕ್ಕವೇ ಅಲ್ಲ.

ಹೋದ ಶನಿವಾರ ನಾಲ್ಕೂ ಟೈರು ಬಿಚ್ಚಿ ತೊಳೆದು ರಬ್ಬರಿನ ತೋಡುಗಳ ಆಳ ಅಳೆದೆ. ಹಿಂದಿನವು ಆರು ಮಿ.ಮೀ., ಮುಂದಿನವು ಅದಕ್ಕಿಂತ ಸ್ವಲ್ಪ ಜಾಸ್ತಿ. ನಾಲ್ಕಕ್ಕಿಂತ ಕೆಳಗೆ ಇಳಿದರೆ ಸ್ನೋದಲ್ಲಿ ನಂಬುವ ಹಾಗಿಲ್ಲ. ಹಿಂದಿನವನ್ನು ಮುಂದಕ್ಕೆ, ಮುಂದಿನವನ್ನು ಹಿಂದಕ್ಕೆ ಎಂದು ಚಾಕ್‌ಪೀಸಿನಲ್ಲಿ ಬರೆದು ಬೇಸ್‌ಮೆಂಟಿಗೆ ಇಳಿಸಿದ್ದೇನೆ. ಇನ್ನೊಂದು ಚಳಿಗಾಲ ಬರುತ್ತವೆ. ಗೋಣಿಚೀಲದ ಎರಡು ತುಂಡೂ ಒಗೆದು ಒಣಗಿಸಿ ಡಿಕ್ಕಿಗೇ ಹಾಕಿದ್ದೇನೆ.