ಎರೆಮಣ್ಣಿನ ಕ್ಯಾಂಪಸ್‌ಗೆ 100ಜಿ ಎಫ್‌ಆರ್1 ಮಾಡ್ಯೂಲ್: ಕೊಳ್ಳಬಹುದು, ಆದರೆ ಮೊದಲು ಫೈಬರ್ ನೋಡಿ

ಕಲಬುರಗಿ, ಬೀದರ್ ಕಡೆಯ ಕಾಲೇಜು, ಆಸ್ಪತ್ರೆಗಳಲ್ಲಿ ಕಟ್ಟಡದಿಂದ ಕಟ್ಟಡಕ್ಕೆ 100ಜಿ (ಸೆಕೆಂಡಿಗೆ 100 ಗಿಗಾಬಿಟ್) ಕೊಂಡಿ ಬೇಕಿದ್ದರೆ ಕ್ಯೂಎಸ್‌ಎಫ್‌ಪಿ28 ಗಾತ್ರದ ಎಫ್‌ಆರ್1 ಮಾಡ್ಯೂಲ್, ಅಂದರೆ ಸ್ವಿಚ್‌ ಪೋರ್ಟಿಗೆ ಚುಚ್ಚಿ ಫೈಬರಿನಲ್ಲಿ ಬೆಳಕಾಗಿ ದತ್ತಾಂಶ ಕಳಿಸುವ ಬಿಡಿಭಾಗ, ಒಳ್ಳೆಯ ಆಯ್ಕೆ. ಹಳೆಯ ಬಗೆಯ ಎಲ್‌ಆರ್4 ಮಾಡ್ಯೂಲಿನಲ್ಲಿ ನಾಲ್ಕು ಲೇಸರ್‌ಗಳು, ತಲಾ 25ಜಿ. ಎಫ್‌ಆರ್1ನಲ್ಲಿ 1310 ನ್ಯಾನೊಮೀಟರ್ ತರಂಗಾಂತರದ ಒಂದೇ ಲೇಸರ್ ಪ್ಯಾಮ್4 (ಬೆಳಕಿನ ಹಲವು ಮಟ್ಟಗಳಲ್ಲಿ ಸಂಕೇತ ಕಳಿಸುವ) ವಿಧಾನದಲ್ಲಿ ಪೂರ್ತಿ 100ಜಿ ಒಯ್ಯುತ್ತದೆ. ಒಂದು ಜೊತೆ ಸಿಂಗಲ್ ಮೋಡ್ ಫೈಬರ್ ಸಾಕು, ದೂರ 2 ಕಿ.ಮೀ. ಮುಂದೆ ಜಾಲದ ಕೇಂದ್ರದ ಕೋರ್ ಸ್ವಿಚ್ 400ಜಿಗೆ ಏರಿದರೂ ಇದು ವ್ಯರ್ಥವಾಗದು. 400ಜಿಯ ಡಿಆರ್4 ಮಾಡ್ಯೂಲ್ ಹಾಕಿದ ಪೋರ್ಟಿನ ನಾಲ್ಕು ಲೇನ್ (ತಲಾ 100ಜಿಯ ದಾರಿ) ಬಿಡಿಸಿದರೆ 500 ಮೀಟರ್ ಒಳಗೆ ಒಂದೊಂದಕ್ಕೂ ಒಂದು ಎಫ್‌ಆರ್1 ಕೂಡುತ್ತದೆ. ಹಳೆಯ ಎಲ್‌ಆರ್4 ಜೊತೆ ಮಾತ್ರ ಹೊಂದದು, ಬದಲಿಸಿದರೆ ಎರಡೂ ತುದಿ ಬದಲಿಸಬೇಕು.

ಲಾಸ್, ಅಂದರೆ ದಾರಿಯಲ್ಲಿ ಬೆಳಕು ಕುಂದುವ ಲೆಕ್ಕ ಸಲೀಸು. ಮಿತಿ 4 ಡಿಬಿ (ಡೆಸಿಬೆಲ್). ಉದಾಹರಣೆಗೆ 1.6 ಕಿ.ಮೀ. ಫೈಬರಿಗೆ 0.56, ನಾಲ್ಕು ಕನೆಕ್ಟರಿಗೆ 1.2, ನಾಲ್ಕು ಸ್ಪ್ಲೈಸಿಗೆ (ಬೆಸೆದ ಜೋಡಣೆಗೆ) 0.4, ಒಟ್ಟು 2.16 ಡಿಬಿ.

ತೊಂದರೆ ಕೊಡುವುದು ಲಾಸ್ ಅಲ್ಲ, ಪ್ರತಿಫಲನ. ಪ್ಯಾಮ್4ನಲ್ಲಿ ಬೆಳಕಿನ ನಾಲ್ಕು ಮಟ್ಟಗಳಿರುವುದರಿಂದ ಮಟ್ಟದಿಂದ ಮಟ್ಟಕ್ಕೆ ಅಂತರ ಮೂರನೇ ಒಂದರಷ್ಟಾಗುತ್ತದೆ. ಧೂಳು ಕೂತ ಎರಡು ಕನೆಕ್ಟರ್‌ಗಳ ನಡುವೆ ಬೆಳಕು ಅತ್ತಿತ್ತ ಪುಟಿದು ಹಿಂದಿನ ಸಂಕೇತ ಮುಂದಿನದರ ಮೇಲೆ ಬೀಳುತ್ತದೆ. ಪವರ್ ಮೀಟರ್ ಸರಿಯಾದ ಅಂಕಿಯನ್ನೇ ತೋರಿಸುತ್ತದೆ, ಪ್ಯಾಕೆಟ್‌ಗಳು ಮಾತ್ರ ಕಳೆದುಹೋಗುತ್ತವೆ. ನಮ್ಮ ಬೇಸಿಗೆಯ ಧೂಳಿಗೆ ಇದು ಮಾಮೂಲು ಕಾಯಿಲೆ. ಪ್ರತಿ ತುದಿಯನ್ನೂ ಪ್ಯಾಚ್ ಪ್ಯಾನೆಲಿನ ಒಳಬದಿ ಸೇರಿಸಿ ಸ್ಕೋಪಿನಲ್ಲಿ (ಫೈಬರ್ ತುದಿ ನೋಡುವ ಸೂಕ್ಷ್ಮದರ್ಶಕ) ನೋಡಿ, ಒರೆಸಿ, ಮತ್ತೆ ನೋಡಿ, ಆಮೇಲೆ ಚುಚ್ಚಿ. ತುದಿ ಓರೆಯಾಗಿರುವ ಹಸಿರು ಎಪಿಸಿ ಕನೆಕ್ಟರನ್ನು ಓರೆಯಿಲ್ಲದ ನೀಲಿ ಯುಪಿಸಿಗೆ ಯಾವತ್ತೂ ಸೇರಿಸಬೇಡಿ.

ಎರೆಮಣ್ಣಿನದು ಬೇರೆಯೇ ಕಾಟ. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಈ ಮಣ್ಣು ಡಕ್ಟನ್ನು (ಕೇಬಲ್ ಹಾಯುವ ಕೊಳವೆ) ಎಳೆದಾಡುತ್ತದೆ, ಚೇಂಬರಿನ (ಕೇಬಲ್ ಗುಂಡಿ) ಹತ್ತಿರ ಕೇಬಲ್ ಬಾಗುತ್ತದೆ. ಬಾಗು 1310 ನ್ಯಾನೊಮೀಟರ್‌ನಲ್ಲಿ ಅಷ್ಟಾಗಿ ಕಾಣದು, 1550ರಲ್ಲಿ ಎದ್ದು ಕಾಣುತ್ತದೆ. ಹಾಗಾಗಿ ಒಟಿಡಿಆರ್ (ಬೆಳಕು ಬಿಟ್ಟು ಫೈಬರಿನಲ್ಲಿ ದೋಷ ಎಲ್ಲಿದೆ ಎಂದು ಹುಡುಕುವ ಉಪಕರಣ) ಪರೀಕ್ಷೆ ಎರಡೂ ತರಂಗಾಂತರದಲ್ಲಿ ಮಾಡಿಸಿ. ಚೇಂಬರಿಗೆ ಮುಚ್ಚಿದ ಶಹಾಬಾದ್ ಕಲ್ಲಿನ ಅಂಚು ಕೇಬಲಿಗೆ ಒತ್ತದಂತೆ ನೋಡಿಕೊಳ್ಳಿ.

ಮಾಡ್ಯೂಲಿನ ದೊಡ್ಡ ಕೊರತೆ ಎಂದರೆ ದೋಷ ತಿದ್ದುವ ಎಫ್‌ಇಸಿ ಅದರ ಒಳಗೇ ಇರುವುದು. ಸ್ವಿಚ್‌ ಪೋರ್ಟಿನ ಎಫ್‌ಇಸಿ ಆಫ್ ಮಾಡಬೇಕು, ಇಲ್ಲದಿದ್ದರೆ ಲಿಂಕ್ ಏಳುವುದಿಲ್ಲ. ಎಷ್ಟು ದೋಷ ತಿದ್ದಲಾಗುತ್ತಿದೆ ಎಂಬ ಲೆಕ್ಕ ಹಲವು ಮಾಡ್ಯೂಲ್‌ಗಳು ಸ್ವಿಚ್‌ಗೆ ಕೊಡುವುದಿಲ್ಲ. ಲಿಂಕ್ ಕೆಡುತ್ತಾ ಬಂದದ್ದು ಕೆಟ್ಟ ಮೇಲೆಯೇ ತಿಳಿಯುತ್ತದೆ. ಆ ಲೆಕ್ಕ ಕೊಡುವ ಮಾಡ್ಯೂಲನ್ನೇ ಕೇಳಿ ತರಿಸಿ, ಸ್ವಲ್ಪ ದುಬಾರಿಯಾದರೂ ಸರಿ.

ಬಿಸಿಯ ಮಾತು ಇನ್ನೊಂದು. ಸಾಮಾನ್ಯ ದರ್ಜೆಯ ಮಾಡ್ಯೂಲಿನ ಹೊರಕವಚ 70 ಡಿಗ್ರಿ ದಾಟಬಾರದು. ಮೇ ತಿಂಗಳಲ್ಲಿ ಎಸಿ ಇಲ್ಲದ ರ್ಯಾಕಿನಲ್ಲಿ ಒತ್ತೊತ್ತಾಗಿ ಚುಚ್ಚಿದರೆ ಆ ಮಿತಿ ದೂರವೇನಲ್ಲ. ಪೋರ್ಟ್ ಬಿಟ್ಟು ಪೋರ್ಟ್ ಹಾಕಿ, 65ಕ್ಕೆ ಎಚ್ಚರಿಕೆ ಇಡಿ.

ಹಳೆಯ ಕೇಬಲ್, ಹತ್ತಾರು ಜಾಯಿಂಟ್, ತೆರೆದು ನೋಡಲಾಗದ ಪ್ಯಾನೆಲ್ ಇರುವ ಕಡೆ ಎಲ್‌ಆರ್4 ಅನ್ನೇ ಮುಂದುವರಿಸಿ. ಪ್ರತಿಫಲನವನ್ನು ಅದು ಚೆನ್ನಾಗಿ ತಾಳಿಕೊಳ್ಳುತ್ತದೆ.