ಕೋಹಾ ಲೈಬ್ರರಿ ಸಾಫ್ಟ್‌ವೇರ್: ಡೆಬಿಯನ್ ಮೇಲೆ ಹಾಕಿ ವರ್ಷಗಟ್ಟಲೆ ಓಡಿಸಿದ್ಮೇಲೆ

ನಮ್ ಕಾಲೇಜ್ ಲೈಬ್ರರಿಲಿ ಇಶ್ಯೂ, ರಿಟರ್ನ್, ಫೈನ್ ಎಲ್ಲಾ ಕೋಹಾದಲ್ಲೇ ನಡೆಯೋದು, ಸರ್ವರ್ ಅಂದ್ರೆ ಡೆಬಿಯನ್ ಅನ್ನೋ ಲಿನಕ್ಸ್ ಹಾಕಿರೋ ಒಂದು ಮಾಮೂಲಿ ಡೆಸ್ಕ್‌ಟಾಪ್ ಅಷ್ಟೇ. ನ್ಯೂಜಿಲೆಂಡಲ್ಲಿ ಹೊರೊವೆನುವಾ ಅನ್ನೋ ಜಿಲ್ಲೆಯ ಲೈಬ್ರರಿಗಳಿಗೆ ಅಂತ 1999ರಲ್ಲಿ ಬರೆದಿದ್ದಂತೆ ಇದನ್ನ, ಜಿಪಿಎಲ್ ಅನ್ನೋ ಮುಕ್ತ ಲೈಸೆನ್ಸು, ಹಾಗಾಗಿ ಪ್ರಿನ್ಸಿಪಾಲರ ಹತ್ರ ದುಡ್ಡು ಸ್ಯಾಂಕ್ಷನ್ ಮಾಡ್ಸೋ ತಲೆನೋವಿಲ್ಲ.

ಇನ್‌ಸ್ಟಾಲ್ ಏನೂ ಭಯಪಡೋ ಹಾಗಿಲ್ಲ. ಕೋಹಾದವರ ರೆಪೊ (ಸಾಫ್ಟ್‌ವೇರ್ ಇಳಿಸ್ಕೊಳೋ ಜಾಗ) ಸೇರಿಸಿ, ಟರ್ಮಿನಲಲ್ಲಿ ಆಪ್ಟ್ ಇನ್‌ಸ್ಟಾಲ್ ಕೋಹಾ-ಕಾಮನ್ ಅಂದ್ರೆ ವೆಬ್ ಸರ್ವರ್ ಅಪಾಚೆ, ಪರ್ಲ್ ಭಾಷೆ ಎಲ್ಲಾ ತಾನೇ ಎಳ್ಕೊಂಡು ಬರತ್ತೆ, ಡೇಟಾಬೇಸಿಗೆ ಮರಿಯಾಡಿಬಿ ಹಾಕ್ಕೊಂಡು ಕೋಹಾ-ಕ್ರಿಯೇಟ್ ಕಮಾಂಡ್ ಓಡಿಸಿದ್ರೆ ಮುಗೀತು. ಸ್ಟಾಫ್ ಪೇಜ್ 8080 ಪೋರ್ಟಲ್ಲಿ ಬೇಕಂದ್ರೆ ಅಪಾಚೆಯ ಪೋರ್ಟ್ಸ್ ಫೈಲಲ್ಲಿ ಲಿಸನ್ 8080 ಅಂತ ಸೇರಿಸ್ಬೇಕು, ಇಲ್ದಿದ್ರೆ ಪೇಜೇ ತೆರೆಯಲ್ಲ.

ಅಸಲಿ ಕೆಲಸ ಶುರುವಾಗೋದು ಕನ್ನಡ ಪುಸ್ತಕಗಳಿಂದ. ಟೈಟಲ್ ಸರಿಯಾಗೇ ಸೇವ್ ಆಗಿರತ್ತೆ, ಕಣ್ಣಿಗೂ ಕಾಣತ್ತೆ, ಸರ್ಚ್ ಕೊಟ್ರೆ ಮಾತ್ರ ಸಿಗಲ್ಲ. ಯಾಕಂದ್ರೆ ಜೀಬ್ರಾ ಅನ್ನೋ ಸರ್ಚ್ ಎಂಜಿನ್ ಮೊದಲಿಂದ ಬರೋ ಸೆಟಿಂಗಲ್ಲಿ ಕನ್ನಡ ಅಕ್ಷರಗಳನ್ನ ಸರಿಯಾಗಿ ಇಂಡೆಕ್ಸ್ ಮಾಡಲ್ಲ. ಇಟಿಸಿ ಒಳಗೆ ಕೋಹಾ, ಅದರೊಳಗೆ ಜೀಬ್ರಾಡಿಬಿ, ಅದರೊಳಗಿರೋ ಇನ್ನೊಂದು ಇಟಿಸಿ ಫೋಲ್ಡರಲ್ಲಿ ಡಿಫಾಲ್ಟ್ ಡಾಟ್ ಐಡಿಎಕ್ಸ್ ಅನ್ನೋ ಫೈಲ್ ತೆಗೆದು ಚಾರ್‌ಮ್ಯಾಪ್ ಸಾಲುಗಳ ಬದಲು ಐಸಿಯು (ಯೂನಿಕೋಡ್ ಲೈಬ್ರರಿ) ಚೈನ್ ಸಾಲು ಹಾಕಿ, ಕೋಹಾ-ರೀಬಿಲ್ಡ್-ಜೀಬ್ರಾ ಪೂರ್ತಿ ಓಡಿಸ್ಬೇಕು, ಆಮೇಲೆ ನೋಡಿ ಎಲ್ಲಾ ಪಟಪಟ ಸಿಗತ್ತೆ.

ಇದಕ್ಕಿಂತ ದೊಡ್ಡ ಗೋಳು ಹಳೇ ಡೇಟಾದ್ದು. ನುಡಿ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ್ದ ರಿಜಿಸ್ಟರನ್ನ ಸಿಕ್ಕಿದ ಕನ್ವರ್ಟರಿಗೆ ಹಾಕಿದ್ರೆ ಅರ್ಕಾವತ್ತು ಜಾಗ ತಪ್ಪಿ ಕರ್ನಾಟಕ ಹೋಗಿ ಕನಾರ್ಟಕ ಆಗತ್ತೆ, ಅಂಥದ್ದು ಇಂಡೆಕ್ಸ್ ಎಷ್ಟು ಸರಿ ಇದ್ರೂ ಸರ್ಚಲ್ಲಿ ಬರಲ್ಲ ಬಿಡಿ. ಕೋಹಾಗೆ ಪುಸ್ತಕದ ವಿವರ ಏರ್ಸೋ ಮಾರ್ಕ್ ಫೈಲ್ ಮಾಡೋಕೆ ಮುಂಚೆನೇ ಸ್ಪ್ರೆಡ್‌ಶೀಟಲ್ಲಿ ಇದನ್ನೆಲ್ಲ ಹುಡುಕಿ ಸರಿ ಮಾಡ್ಕೊಳಿ, ಒಳಗೆ ಹೋದ್ಮೇಲೆ ಒಂದೊಂದೇ ರೆಕಾರ್ಡ್ ತೆಗೆದು ತಿದ್ದೋದು ಯಾರಿಗೂ ಬೇಡ.

ಹೊಸ ವರ್ಷನ್ ಮೇ ಮತ್ತೆ ನವೆಂಬರಲ್ಲಿ ಬರತ್ತೆ, ಆಪ್ಟಲ್ಲೇ ಅಪ್‌ಗ್ರೇಡ್ ಆಗತ್ತೆ. ನಡುವೆ ಎಲ್ಲಾದ್ರೂ ಆ ಐಡಿಎಕ್ಸ್ ಫೈಲ್ ನಿಮ್ಮದೇ ಇರ್ಲಾ ಹೊಸದು ಹಾಕ್ಲಾ ಅಂತ ಕೇಳಿದ್ರೆ ಕಣ್ಮುಚ್ಕೊಂಡು ವೈ ಒತ್ತಬೇಡಿ, ಒತ್ತಿದ್ರೆ ಐಸಿಯು ಸೆಟಿಂಗ್ ಹೋಯ್ತು, ಮುಂದಿನ ರೀಬಿಲ್ಡ್ ಆದ್ಮೇಲೆ ಕನ್ನಡ ಸರ್ಚ್ ಮತ್ತೆ ಮಲಗತ್ತೆ.

ಬ್ಯಾಕಪ್ ದಿನಾ ತಾನೇ ಆಗತ್ತೆ, ಆದ್ರೆ ಎರಡು ದಿನದ್ದು ಮಾತ್ರ ಇಟ್ಕೊಳತ್ತೆ, ಅದೂ ಅದೇ ಡಿಸ್ಕಲ್ಲಿ! ಆರ್‌ಸಿಂಕ್ ಅನ್ನೋ ಕಾಪಿ ಮಾಡೋ ಟೂಲ್ ಹಾಕಿ ಬೇರೆ ಮಷೀನಿಗೆ ಕಳಿಸ್ತಾ ಇರಿ. ಬಾರ್‌ಕೋಡ್ ಸ್ಕ್ಯಾನರಿಗೆ ಡ್ರೈವರ್ ಗೀವರ್ ಏನೂ ಬೇಡ, ಕೀಬೋರ್ಡ್ ಥರ ನಂಬರ್ ಟೈಪ್ ಮಾಡತ್ತೆ ಅಷ್ಟೇ.

ಐದಕ್ಕೆ ನಾಕು ಸ್ಟಾರ್. ಒಂದು ಕಟ್ ಮಾಡಿದ್ದು ಕನ್ನಡ ಇಂಟರ್‌ಫೇಸಿಗೆ, ಒಂದು ಬಟನ್ ಕನ್ನಡ, ಪಕ್ಕದ್ದು ಇಂಗ್ಲಿಷು, ಕೌಂಟರಲ್ಲಿ ಕೂರೋ ನಮ್ ಅಟೆಂಡರ್ ಅಣ್ಣನೇ ಇದ್ರ ಬದ್ಲು ಪೂರ್ತಿ ಇಂಗ್ಲಿಷೇ ಇರ್ಲಿ ಸಾರ್ ಅಂದ್ಬಿಟ್ರು.