ಬಿಸಿಯಾದರೆ ನಿಲ್ಲುತ್ತಿದ್ದ ಗಾಡಿ: ಫುಲ್ ಇಂಜಿನ್ ಕೆಲಸ ಮಾಡಿಸಿ 14 ತಿಂಗಳ ಮೇಲೆ

ಬೆಂಗಳೂರು ಕಲಾಸಿಪಾಳ್ಯದ ಹತ್ತಿರ ಒಂದು ಗ್ಯಾರೇಜಿನಲ್ಲಿ ನನ್ನ ಹಳೇ ಟಾಟಾ 407 ಮಿನಿ ಲಾರಿಗೆ ಫುಲ್ ಇಂಜಿನ್ ಕೆಲಸ ಮಾಡಿಸಿದೆ. ಲೈನರ್, ಪಿಸ್ಟನ್, ಬೇರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಎಲ್ಲಾ ಸೇರಿ 82,000 ರೂಪಾಯಿ. ಅರ್ಧ ಸಾಲದ ದುಡ್ಡು. ಗಾಡಿ ಕೈಗೆ ಬಂದ ಎರಡನೇ ವಾರಕ್ಕೇ ರಸ್ತೆಯಲ್ಲಿ ನಿಲ್ಲೋಕೆ ಶುರುವಾಯಿತು.

ನನ್ನದು ಕೋಲಾರದಿಂದ ಬೆಂಗಳೂರಿಗೆ ಟೊಮೆಟೊ ಲೋಡ್. 15 ಕೆ.ಜಿ.ಯ ಬಾಕ್ಸು, ಒಂದು ಟ್ರಿಪ್ಪಿಗೆ 140. ಕೋಲಾರದಲ್ಲಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ನರಸಾಪುರ ದಾಟುವವರೆಗೂ ಚೆನ್ನಾಗಿ ಎಳೆಯುತ್ತಿತ್ತು. ಹೊಸಕೋಟೆ ಹತ್ತಿರ ಬರುತ್ತಿದ್ದ ಹಾಗೆ ಎರಡು ಸಲ ಮುಗ್ಗರಿಸಿ ಆಫ್. ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ಇರುತ್ತಿತ್ತು, ನೀರು ಕಮ್ಮಿಯಾಗುತ್ತಿರಲಿಲ್ಲ. ಅರ್ಧ ಗಂಟೆ ಬಿಟ್ಟರೆ ಮತ್ತೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್. ಬೆಳಗಿನ ವ್ಯಾಪಾರಕ್ಕೆ ಮಾಲು ಇಳಿಯದಿದ್ದರೆ ರೇಟು ಬೀಳುತ್ತದೆ. ಆ ಅರ್ಧ ಗಂಟೆ ನನಗೆ ಎಷ್ಟು ದುಬಾರಿ ಅಂತ ಲೋಡ್ ಹೊಡೆಯೋರಿಗೆ ಗೊತ್ತು.

ಮೊದಲು ವಾಲ್ವ್ ತಳ್ಳೋ ಟ್ಯಾಪೆಟ್ ಟೈಟ್ ಇದೆಯಾ ನೋಡಿಸಿದೆ. ಗ್ಯಾಪ್ ಇಲ್ಲದಿದ್ದರೆ ಬಿಸಿಗೆ ವಾಲ್ವ್ ಹಿಗ್ಗಿ ಪೂರ್ತಿ ಮುಚ್ಚೋದಿಲ್ಲ, ಕಂಪ್ರೆಷನ್ ಹೋಗುತ್ತದೆ. ಅದು ಸರಿಯಿತ್ತು. ಟ್ಯಾಂಕಿಗೆ ಗಾಳಿ ಹೋಗದಿದ್ದರೂ ಡೀಸೆಲ್ ಬರೋದಿಲ್ಲ ಅಂತ ಮುಚ್ಚಳ ಸಡಿಲ ಮಾಡಿ ಓಡಿಸಿದೆ, ಅದೂ ಅಲ್ಲ. ಆಮೇಲೆ ಡೀಸೆಲ್ ಪಂಪಿಗೆ ಒದ್ದೆ ಬಟ್ಟೆ ಹಾಕಿದೆ. ಸ್ಟಾರ್ಟ್ ಆಯಿತು! ಸವೆದ ಪಂಪಿನಲ್ಲಿ ಬಿಸಿ ಡೀಸೆಲ್ ತೆಳ್ಳಗಾಗಿ ಒಳಗೇ ಸೋರುತ್ತದೆ, ತಣ್ಣಗೆ ಮಾಡಿದರೆ ಸರಿಹೋಗುತ್ತದೆ. ಆ ಮಾತು ನಿಜವೇ. ಅದನ್ನೇ ನಂಬಿ ಪಂಪ್ ಬಿಚ್ಚಿಸಿ ಕ್ಯಾಲಿಬ್ರೇಷನ್ (ಡೀಸೆಲ್ ಅಳತೆ ಸರಿಮಾಡೋದು) ಮಾಡಿಸಿದೆ, 11,000 ಹೋಯಿತು. ಮಾರನೇ ದಿನ ಮತ್ತೆ ಹೊಸಕೋಟೆಯಲ್ಲೇ ನಿಂತಿತು. ಅವತ್ತು ಸ್ಟೇರಿಂಗ್ ಮೇಲೆ ತಲೆಯಿಟ್ಟು ಸುಮ್ನೆ ಕೂತುಬಿಟ್ಟೆ.

ಸುಳಿವು ಸಿಕ್ಕಿದ್ದು ಕೈಪಂಪಿನಿಂದ. ಟ್ಯಾಂಕಿಯಿಂದ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡೋ ಫೀಡ್ ಪಂಪಿನ ಮೇಲೆ ಅದು ಇರುತ್ತದೆ. ಗಾಡಿ ನಿಂತ ತಕ್ಷಣ ಇಳಿದು ಅದರ ಗುಂಡಿ ಎಳೆದೆ. ಲೈನಿನಲ್ಲಿ ಏರ್ ಹಿಡಿದಿದ್ದರೆ ಅದು ಸಡಿಲವಾಗಿ ಆಡಬೇಕು. ಇದು ಮೇಲೇಳದೆ ಒಳಕ್ಕೇ ಎಳೆದುಕೊಂಡಿತು. ಅಂದರೆ ಹಿಂದೆ ಎಲ್ಲೋ ಡೀಸೆಲ್ ಬರೋ ದಾರಿ ಕಟ್ಟಿದೆ, ಅಲ್ವಾ? ಮುಂದಿನ ಟ್ರಿಪ್ಪಿಗೆ ಡೀಸೆಲ್ ತುಂಬಿದ ಕ್ಯಾನ್ ಮೇಲೆ ಕಟ್ಟಿ, ಬೇರೆ ಪೈಪಿನಲ್ಲಿ ನೇರವಾಗಿ ಫೀಡ್ ಪಂಪಿಗೆ ಕೊಟ್ಟೆ. ಹೊಸಕೋಟೆ ದಾಟಿತು. ಬೆಂಗಳೂರಿನ ಟಿನ್ ಫ್ಯಾಕ್ಟರಿ ಟ್ರಾಫಿಕ್ಕಿನಲ್ಲಿ ತೆವಳಿದರೂ ನಿಲ್ಲಲಿಲ್ಲ.

ಇಂಜಿನ್ ಕೂರಿಸುವಾಗ ಟ್ಯಾಂಕಿಯಿಂದ ಬರೋ ಲೈನಿಗೆ ಮೂರಡಿ ಹೊಸ ರಬ್ಬರ್ ಪೈಪು ಹಾಕಿದ್ದರು. ಅದು ಡೀಸೆಲ್ಲಿಗೆ ಮಾಡಿದ ಪೈಪೇ ಅಲ್ಲ. ತಣ್ಣಗಿದ್ದಾಗ ಬೆರಳಿಗೆ ಜಗ್ಗುತ್ತಿರಲಿಲ್ಲ. ಬಿಸಿಯಲ್ಲಿ ಒತ್ತಿದರೆ ಸುಟ್ಟ ಬದನೆಕಾಯಿ ಹಾಗೆ ಕೂತುಬಿಡುತ್ತಿತ್ತು. ಬ್ಲೇಡಿನಲ್ಲಿ ಸೀಳಿ ನೋಡಿದೆ. ಒಳಪದರ ಡೀಸೆಲ್ ಕುಡಿದು ಊದಿ, ಕಿತ್ತುಕೊಂಡು ತೂತಿಗೇ ಅಡ್ಡ ಬಂದಿತ್ತು. ಬಟ್ಟೆಯಿಂದ ಸ್ಟಾರ್ಟ್ ಆಗಿದ್ದಲ್ಲ. ನಾನು ನೀರು ಹುಡುಕಿ ತರುವಷ್ಟರಲ್ಲಿ ಪೈಪೂ ತಣ್ಣಗಾಗುತ್ತಿತ್ತು.

ಆ ತುಂಡು ಹಿಡಿದುಕೊಂಡು ಗ್ಯಾರೇಜಿಗೆ ಜಗಳಕ್ಕೇ ಹೋಗಿದ್ದೆ. ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ಅಣ್ಣ, ಇದು ನಮ್ದೇ ತಪ್ಪು" ಅಂದರು. ಪಂಪಿನ ದುಡ್ಡಲ್ಲಿ 6,000 ಅವತ್ತೇ ಎಣಿಸಿ ಕೊಟ್ಟರು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಮಿಕ್ಕ ಕೆಲಸಕ್ಕೆ ಒಂದು ಮಾತು ಆಡುವ ಹಾಗಿಲ್ಲ. 38,000 ಕಿ.ಮೀ. ಓಡಿದೆ. ದಿನಾ ಲೋಡಿಗೆ ಮುಂಚೆ ಡಿಪ್ ಸ್ಟಿಕ್ ಎಳೆದು ಹಳೇ ಬನಿಯನ್ ತುಂಡಿನಲ್ಲಿ ಒರೆಸಿ, ಮತ್ತೆ ಅದ್ದಿ ನೋಡುತ್ತೇನೆ. ಆಯಿಲ್ ಮೇಲಿನ ಗೀಟಿನ ಹತ್ತಿರವೇ ಇರುತ್ತದೆ, ಆಯಿಲ್ ಚೇಂಜುಗಳ ನಡುವೆ ಸುರಿದಿದ್ದೇ ಇಲ್ಲ. ಬಾನೆಟ್ ಮೇಲೆ ಕೈಯಿಟ್ಟರೆ ಐಡ್ಲಿಂಗ್ ಒಂದೇ ಸಮ. ಆ ಒಂದು ನಿಮಿಷ ನನಗೆ ತುಂಬಾ ಇಷ್ಟ.

ಮುಂದಿನ ತಿಂಗಳು ಗೇರ್ ಬಾಕ್ಸೂ ಅವರ ಹತ್ತಿರವೇ ಇಳಿಸುತ್ತಿದ್ದೇನೆ. ಪೈಪು, ಕ್ಲಿಪ್ಪು ಮಾತ್ರ ಸ್ಪೇರ್ ಪಾರ್ಟ್ಸ್ ಅಂಗಡಿಗಳಿರೋ ಜೆ.ಸಿ. ರಸ್ತೆಯಿಂದ ನಾನೇ ತಂದುಕೊಡುತ್ತೇನೆ ಅಂದಿದ್ದೇನೆ. ಅವರೂ ಸರಿ ಅಂದಿದ್ದಾರೆ.